ಹುಳ ಉಜ್ಜಿದ ಕದರಪ್ಪ

ಕದರಪ್ಪ ಅಂತ ಒಬ್ಬ ಇದ್ದ. ಕಲ್ಯಾಣ ಮಂಟಪದಲ್ಲಿ ಪಾತ್ರೆ ಬೆಳಗೋ ಕೆಲಸ. ಅನ್ನ ಬೇಯ್ಸಿ ತಳ ಹೊತ್ತಿಸಿದ ಎಂಥಾ ಕೊಪ್ಪರಿಗೆ ತಂದು ಮುಂದಿಟ್ರೂ ಸೈ, ಹೊತ್ತು ಮುಳುಗೋದ್ರೊಳಗೆ ಚಿನ್ನದಂಗೆ ಮಾಡಿ ಮಗುಚಿ ಹಾಕೋನು. ಇಟ್ಟಿಗೆ ಪುಡಿ, ಹುಣಸೆಹಣ್ಣು, ತೆಂಗಿನ ನಾರು. ಇಷ್ಟೇ ಅವನ ಆಯುಧ. "ಈ ಕೈಗೆ ಸೋಲದ ಕೊಳೆ ಇನ್ನೂ ಹುಟ್ಟಿಲ್ಲ ಕಣ್ರಲೇ" ಅಂತ ದಾರೀಲಿ ಹೋಗೋರ್ನ ನಿಲ್ಸಿ ಹೇಳೋನು. ಸುಳ್ಳಲ್ಲ. ಅಂಥಾ ಕೈ ಆ ಸೀಮೇಲೇ ಇರ್ಲಿಲ್ಲ.

ಅವನ ತಮ್ಮ ಜುಂಜಣ್ಣ ಲಾರಿಗೆ ಚಿತ್ರ ಬರೆಯೋನು. ಹದ್ದು, ತಾವರೆ, ಹಸು-ಕರ, ಏನು ಕೇಳಿದ್ರೂ ಬರೆಯೋನು. ಆದ್ರೆ ಬರೆದಿದ್ದೆಲ್ಲ ಊರು ಬಿಟ್ಟು ಹೋಗೋದು. ಲಾರಿ ಅಂದ್ಮೇಲೆ ನಿಂತಲ್ಲಿ ನಿಲ್ತದಾ? ಅಂಗಡಿಗೆ ಬರೆದಿದ್ದ ಬೋರ್ಡುಗಳ ಮೇಲೆ ಫ್ಲೆಕ್ಸ್ ಬಂದು ಕೂತ್ಕಂತು. ಊರಲ್ಲಿ ಉಳಿದಿದ್ದು ಒಂದೇ ಚಿತ್ರ. ಅವನ ಸ್ವಂತ ಮೋಟಾರ್ ಸೈಕಲ್ಲಿಗೆ, ಮುಂದ್ಗಡೆ ಹೆಡ್‌ಲೈಟ್ ಮೇಲಿನ ತಗಡಿಗೆ ಬರೆದಿದ್ದ ಕೆಂಬೂತ.

ಮದುವೆಯಾದ ಹೊಸದ್ರಲ್ಲಿ ಹೆಂಡ್ತಿ ಸಿರಿಯಮ್ಮ "ನವಿಲು ಬರೀರಿ" ಅಂದಿದ್ಲು.

"ನವಿಲಿಗೆ ಊರೆಲ್ಲ ನೆಂಟ್ರು ಕಣೆ. ನವಿಲು ಕುಣೀತು ಅಂತ ಕೆಂಬೂತ ಪುಕ್ಕ ಕೆದರ್ತಂತೆ ಅಂತ ಈ ಪಾಪದ್ದನ್ನ ಎಲ್ರೂ ಆಡ್ಕಂತಾರೆ. ಇದಕ್ಕೆ ನಾವಾದ್ರೂ ಇರಾನ" ಅಂದ. ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಡದಂಥಾ ಕಣ್ಣು. ಸಿರಿಯಮ್ಮ ಹೊಟ್ಟೆ ಹಿಡ್ಕಂಡು ನಕ್ಕಿದ್ಲು.

ಅದೇ ಜುಂಜಣ್ಣ ಜ್ವರ ಬಂದು ಹೋಗ್ಬಿಟ್ಟ. ಮನೇಲಿದ್ದಿದ್ದು ಗುರುತಿನ ಚೀಟಿ ಫೋಟೊ ಒಂದೇ. "ಇದ್ರಲ್ಲಿ ಯಾರೋ ಕುರಿ ಕಳ್ಳನಂಗೆ ಕಾಣ್ತಾರೆ, ಗೋಡೆಗೆ ಬ್ಯಾಡ" ಅಂದ್ಲು ಸಿರಿಯಮ್ಮ. ಬೆಳಿಗ್ಗೆ ಎದ್ದು ಕೆಂಬೂತದ ಕಣ್ಣನ್ನ ಸೆರಗಲ್ಲಿ ಒರೆಸೋಳು. ಗಂಡ ಅಂತ ಅವಳಿಗೆ ಮಿಕ್ಕಿದ್ದು ಅದೇ.

ವರ್ಷದ ಎಡೆ ಹತ್ರ ಬಂತು. ಸತ್ತೋರಿಗೆ ಇಷ್ಟವಾಗಿದ್ದನ್ನ ಎಡೆ ಮುಂದೆ ಇಡೋದು ಅವರ ಪದ್ಧತಿ. ಬೀಡಿ ಸೇದ್ತಿದ್ದೋನಿಗೆ ಬೀಡಿ, ಎಲೆಯಡಿಕೆ ಹಾಕ್ತಿದ್ದೋಳಿಗೆ ಎಲೆಯಡಿಕೆ. ಜುಂಜಣ್ಣನಿಗೆ ಆ ಕೆಂಬೂತದ ಗಾಡೀನೇ ಇಡಾನ ಅಂತ ಆಯ್ತು.

ನೆಂಟ್ರನ್ನ ಕರೆಯಾಕೆ ಕದರಪ್ಪ ಆ ಗಾಡೀಲೇ ಊರೂರು ತಿರುಗ್ದ. ವಾಪಸ್ ಬರೋವಾಗ ಸಂಜೆ, ಕೆರೆ ಏರಿ ಮೇಲೆ ಮಳೆಹುಳ ಎದ್ದಿದ್ವು. ತನ್ನ ಮುಖಕ್ಕೆ ಟವಲು ಸುತ್ಕಂಡ. ಗಾಡಿ ಮುಖಕ್ಕೆ ಯಾರು ಸುತ್ತುತಾರೆ? ಆಮೇಲೆ ಗಾಡೀನ ತನ್ನ ಮನೆ ಮುಂದೆ ಬಿಸಿಲಿಗೆ ನಿಲ್ಸಿ ಮರ್ತೇಬಿಟ್ಟ. ಹುಳದ ರಸ ಒಣಗಿ ಗಾರೆಯಂಗೆ ಕಚ್ಕಂತು.

ಎಡೆ ದಿನ ಬೆಳಿಗ್ಗೆ ಗಾಡಿ ತಳ್ಕಂಡು ತಮ್ಮನ ಮನೆಗೆ ಬಂದ. ಸಿರಿಯಮ್ಮ ನೋಡಿದ್ಲು. ಕೆಂಬೂತವೇ ಕಾಣ್ತಿಲ್ಲ. ಬರೀ ಹುಳದ ಕಾಲು, ಹೊಟ್ಟೆ, ಮುರಿದ ರೆಕ್ಕೆ.

"ಇದೇನ್ ಭಾವ, ಇವ್ರ ಮುಖಾನೇ ಮುಚ್ಚೋಗೈತೆ!"

"ಹುಳ ಕಣಮ್ಮ. ಹುಳಕ್ಕೂ ಹೆದರ್ತಾರಾ? ತತ್ತಾ ನಾರು."

"ಅಯ್ಯೋ ಬ್ಯಾಡಿ. ಹಳೇ ಪಂಚೆ ನೆನೆಸಿ ಹೊದಿಸ್ತೀನಿ. ಅಡುಗೆ ಆಗೋ ಹೊತ್ಗೆ ತಾವೇ ನೆಂದು ಬಿಡ್ತವೆ. ಇವ್ರು ಹಂಗೇ ಮಾಡ್ತಿದ್ದಿದ್ದು."

"ನೆನೆಹಾಕಕ್ಕೆ ಇದೇನು ಅವರೆಕಾಳಾ?"

ಜಗಲೀಲಿ ಕೂತಿದ್ದ ನೆಂಟ್ರೆಲ್ಲ ನಕ್ರು. ಸಿರಿಯಮ್ಮ ನಗ್ಲಿಲ್ಲ. ಒದ್ದೆ ಪಂಚೆ ತಂದು ಹೊದಿಸಿ, "ಮುಟ್ಬ್ಯಾಡಿ ಭಾವ, ನಿಮ್ಮ ದಮ್ಮಯ್ಯ" ಅಂದು ಒಲೆ ಹತ್ರ ಹೋದ್ಲು.

ಕದರಪ್ಪ ಕೂತ. ಕೂತ್ರೆ ಸುಮ್ನೆ ಬಿಡ್ತಾರಾ ನೆಂಟ್ರು? ಒಬ್ಬ ಮುದುಕ ಎಲೆಯಡಿಕೆ ಮೆಲ್ಲುತಾ ಅಂದ: "ಏನ್ಲಾ ಕದ್ರ, ಕೊಪ್ಪರಿಗೆ ಗೆದ್ದೋನು ಕೊನೆಗೆ ಮಳೆಹುಳಕ್ಕೆ ಸೋತ್ಯಲ್ಲೋ!"

ಅಷ್ಟೇ. ಕದರಪ್ಪನಿಗೆ ರೇಗಿ ಹೋಯ್ತು. ಪಂಚೆ ಕಿತ್ತೆಸೆದ. ದೇವರ ದೀಪ ತಿಕ್ಕಾಕೆ ಅಂತ ಇಟ್ಟಿದ್ದ ಇಟ್ಟಿಗೆ ಪುಡಿ ತಗಂಡ, ನಾರು ತಗಂಡ, ಮೊಣಕಾಲೂರಿ ಉಜ್ಜಿದ. ಹುಳ ಕಳಚ್ತು. "ನೋಡ್ರಲೇ, ನೋಡ್ರಿ!" ಅಂತ ಕೂಗ್ದ. ಇನ್ನೂ ಉಜ್ಜಿದ. ಕೆಂಪು ನೀರು ಇಳೀತು. ಇಟ್ಟಿಗೆ ಪುಡಿ ಕೆಂಪಲ್ವಾ, ಪಾತ್ರೆ ಬೆಳಗೋವಾಗ ಇಳಿಯೋದೂ ಕೆಂಪು ನೀರೇ. ಅವನು ದಿನಾ ಕಂಡಿದ್ದೇ ಅದು. ಇನ್ನೂ ಬಲವಾಗಿ ಉಜ್ಜಿದ.

ಒಂದು ಚೊಂಬು ನೀರು ಸುರಿದ.

ಹುಳ ಒಂದೂ ಇರ್ಲಿಲ್ಲ. ಕೆಂಬೂತಾನೂ ಇರ್ಲಿಲ್ಲ. ಇಳಿದಿದ್ದ ಕೆಂಪಿನಲ್ಲಿ ಅರ್ಧ ಅದರ ರೆಕ್ಕೇದು. ತಗಡು ಬೆಳ್ಳಗೆ ಹೊಳೀತಿತ್ತು. ಮೂಲೇಲಿ ಕೊಂಬೆ ಹಿಡ್ಕಂಡ ಒಂದು ಕಾಲು ಮಾತ್ರ ಮಿಕ್ಕಿತ್ತು.

ಜಗಲೀಲಿದ್ದ ಆ ಮುದುಕ ಎದ್ದು ಉಗುಳೋ ನೆಪದಲ್ಲಿ ಹಿತ್ತಲಿಗೆ ಹೋದ.

ಸಿರಿಯಮ್ಮ ಸೌಟು ಹಿಡ್ಕಂಡೇ ಈಚೆಗೆ ಬಂದ್ಲು. ನೋಡಿದ್ಲು. ಬೈದಿದ್ರೆ ಬದುಕ್ಕಂತಿದ್ದ ಕದರಪ್ಪ. ಬೈಲಿಲ್ಲ.

"ಉಗಿಯಮ್ಮ ನನ್ ಮಕಕ್ಕೆ" ಅಂದ. "ಪೇಟೆಯಿಂದ ಒಳ್ಳೇ ಪೇಂಟರನ್ನ ಕರ್ಕಂಡ್ ಬತ್ತೀನಿ. ಇದಕ್ಕಿಂತ ಚೆಂದಾಗಿ ಬರೆಸ್ತೀನಿ ಕಣಮ್ಮ."

"ಚೆಂದಾಗೇ ಬರೀತಾರೆ ಭಾವ. ಇವ್ರು ಬರೆಯಲ್ವಲ್ಲ."

ಊರೆಲ್ಲ ಹೊಗಳಿದ ಕದರಪ್ಪನ ಕೈ ಎರಡೂ ತೊಡೆ ಮೇಲೆ ಸತ್ತಂಗೆ ಬಿದ್ದಿದ್ವು.

ಎಡೆ ಹೊತ್ತಾಯ್ತು. ನೆಂಟ್ರು ಗಾಡೀನ ಪಡಸಾಲೆಗೆ ತಳ್ಳಾಕೆ ಹೋದ್ರು. ಸಿರಿಯಮ್ಮ ಅಡ್ಡ ಬಂದ್ಲು.

"ಬ್ಯಾಡ, ಅಲ್ಲೇ ಇರ್ಲಿ. ಈಗ ಅದು ಬರೀ ಗಾಡಿ."

ಬಾಳೆ ಎಲೆ ಹಾಕಿ ಅನ್ನ ಬಡಿಸಿದ್ರು. ಎಲೆ ಮುಂದೆ ಗಾಡಿಗೆ ಅಂತ ಸಾರಿಸಿ ರಂಗೋಲಿ ಬಿಟ್ಟಿದ್ದ ಜಾಗ ಹಂಗೇ ಇತ್ತು. ಕದರಪ್ಪ ಒಳಕ್ಕೆ ಬರ್ಲಿಲ್ಲ, ಹೊಸ್ತಿಲಾಚೆ ನಿಂತು ನೋಡ್ದ. ಸಿರಿಯಮ್ಮ ಎತ್ತ ನೋಡಿ ಕೈ ಮುಗೀಬೇಕು ಅಂತ ತಿಳೀದೆ ಆ ಕಡೆ ಈ ಕಡೆ ನೋಡಿದ್ಲು. ಕೊನೆಗೆ ಆ ಖಾಲಿ ನೆಲಕ್ಕೇ ಕೈ ಮುಗಿದ್ಲು.

ನೀತಿ: ಕೈಲಿ ಬಲ ಐತೆ ಅಂತ ಕಂಡಿದ್ದನ್ನೆಲ್ಲ ಉಜ್ಜಬ್ಯಾಡ್ರಪ್ಪ. ಗಟ್ಟಿಯಾಗಿ ಕಚ್ಕಂಡಿರೋ ಕೊಳೇನೂ ತಾಳ್ಮೆಯಿಂದ ಕಾದ್ರೆ ತಾನೇ ಬಿಡ್ತದೆ. ಜಂಬಕ್ಕೆ ಬಿದ್ದು ಆತುರ ಮಾಡಿದ್ರೆ ಕೊಳೆ ಜೊತೆಗೆ ಅದರಡಿ ಇರೋದೂ ಹೋಗ್ತದೆ. ಹಂಗೆ ಹೋಗಿದ್ದನ್ನ ವಾಪಸ್ ತರೋ ಕೈ ಯಾವನಿಗೂ ಇಲ್ಲ.