ಹಂದಿ ಕೇಳಿದ ಅಭಿಪ್ರಾಯ

ಕೆರೆಯನ್ನೆಲ್ಲ ತಾನೇ ಆಕ್ರಮಿಸಿಕೊಂಡು ಮಲಗಿದ್ದ ಕಾಡುಹಂದಿ, ದಡದಲ್ಲಿ ಬಾಯಾರಿ ನಿಂತ ಪ್ರಾಣಿಗಳನ್ನು ಕೇಳಿತು: “ಬೆಟ್ಟದ ಮೇಲಿನ ಆನೆಯ ಸರ್ವೋಚ್ಚ ನ್ಯಾಯಾಲಯದ ಬಗ್ಗೆ ನಿಮ್ಮ ಅಭಿಪ್ರಾಯವೇನು?”

“ಅದು ದೊಡ್ಡವರ ಪರ,” ಎಂದಿತು ಮೊಲ.

“ನಾಲಿಗೆ ಬಿಗಿಹಿಡಿದು ಮಾತಾಡು! ಅದು ನಮ್ಮ ಪಾಲಿನ ದೇವರು,” ಎಂದು ಜಿಂಕೆ ಹರಿಹಾಯ್ದಿತು.

ಬೆಟ್ಟದಿಂದ ಹಾರಿಬಂದ ಕೊಕ್ಕರೆಗೆ ರೇಗಿಹೋಯಿತು. “ನಾಚಿಕೆಯಾಗಬೇಕು ನಿಮಗೆ! ಆ ನ್ಯಾಯಾಲಯ ಏನು ಹೇಳಿದೆ ಅಂತ ಒಬ್ಬರಾದರೂ ಕೇಳಿದ್ದೀರಾ? ಈ ಕೆರೆ ಎಲ್ಲರದು ಎಂದು ಹೋದ ಬೇಸಿಗೆಯಲ್ಲೇ ತೀರ್ಪಾಗಿದೆ. ಹಂದಿಯನ್ನು ಎಬ್ಬಿಸಿ, ನೀರು ಕುಡಿಯಿರಿ!”

ಪ್ರಾಣಿಗಳು ನೀರಿನತ್ತ ಹೆಜ್ಜೆ ಇಟ್ಟವು. ಹಂದಿ ಕೆಸರಿನಿಂದ ಏಳದೆಯೇ ಕೂಗಿತು: “ಆ ತೀರ್ಪು ಸರಿಯೋ ತಪ್ಪೋ? ಮೊದಲು ಅಭಿಪ್ರಾಯ ಹೇಳಿ!”

ಎಲ್ಲವೂ ಅಲ್ಲೇ ನಿಂತವು. “ಸರಿ!” ಎಂದಿತು ಜಿಂಕೆ. “ಆನೆ ಕೊಟ್ಟದ್ದಲ್ಲವೇ, ತಪ್ಪೇ ಇರಬೇಕು!” ಎಂದಿತು ಮೊಲ. ಒಣಗಿದ ಗಂಟಲಲ್ಲೇ ಜಗಳ ಮತ್ತೆ ಶುರುವಾಯಿತು.

ಹಂದಿ ಮಗ್ಗುಲು ಬದಲಿಸಿ ಕಣ್ಣು ಮುಚ್ಚಿತು.