ಹನ್ನೆರಡನೆಯವನ ಆಟ

"ಗುರುಗಳೇ, ಆಡದೇ ಇದ್ದವನಿಗೆ ಎಷ್ಟು ಅಂಕ ಕೊಡಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳು ನಲವತ್ತು ವರ್ಷ ಬ್ಯಾಸ್ಕೆಟ್‌ಬಾಲ್ ಕಲಿಸಿದವರು. ಶಿಷ್ಯ ಅವರ ಕೈಕೆಳಗೆ ಆಡಿ ಬೆಳೆದು, ಈಗ ವೃತ್ತಿಪರ ತಂಡವೊಂದಕ್ಕೆ ತರಬೇತುದಾರನಾಗಿದ್ದ. ಆ ವರ್ಷದ ಪಂದ್ಯಗಳು ಮುಗಿದಿದ್ದವು. ಹನ್ನೆರಡು ಆಟಗಾರರಲ್ಲಿ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕಳಿಸಬೇಕು ಎಂದು ತಂಡದ ಒಡೆಯರು ಪಟ್ಟಿ ಕೇಳಿದ್ದರು. ಶಿಷ್ಯ ಹನ್ನೊಂದು ಜನರಿಗೆ ಅಂಕ ಹಾಕಿದ್ದ. ಹನ್ನೆರಡನೆಯವನ ಹೆಸರಿನ ಮುಂದೆ ಏನೂ ಬರೆದಿರಲಿಲ್ಲ. ಅವನು ವರ್ಷವಿಡೀ ಬೆಂಚಿನ ಮೇಲೆ ಕೂತವನು.

"ಖಾಲಿ ಬಿಟ್ಟರೆ ಏನಾಗುತ್ತದೆ?" ಎಂದು ಗುರುಗಳು ಕೇಳಿದರು.

"ಖಾಲಿ ಎಂದರೆ ಸೊನ್ನೆ ಎಂದೇ ಓದುತ್ತಾರೆ. ಅವನು ಮನೆಗೆ ಹೋಗುತ್ತಾನೆ."

"ಹಾಗಾದರೆ ಕೂತುಕೋ," ಎಂದು ಗುರುಗಳು ಈ ಕತೆ ಹೇಳಿದರು.

ಒಂದು ತಂಡಕ್ಕೆ ಒಬ್ಬ ತರಬೇತುದಾರನಿದ್ದ. ಅವನ ಕಣ್ಣಿಗೆ ಏನೂ ತಪ್ಪುತ್ತಿರಲಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಪ್ರತಿ ಪಂದ್ಯ ಮುಗಿದ ಕೂಡಲೇ ಅವನು ಒಂದು ಪುಸ್ತಕ ತೆರೆದು ಬರೆಯಲು ಕೂರುತ್ತಿದ್ದ. ಯಾರು ಎಷ್ಟು ಸಲ ಚೆಂಡನ್ನು ಬುಟ್ಟಿಗೆ ಹಾಕಿದ, ಎಷ್ಟು ಸಲ ತಪ್ಪಿದ, ಬುಟ್ಟಿಗೆ ಬಡಿದು ಮರಳಿದ ಚೆಂಡನ್ನು ಯಾರು ಹಿಡಿದ, ಯಾರ ಕೈಯಿಂದ ಜಾರಿತು, ಎಲ್ಲವೂ ಅದರಲ್ಲಿರುತ್ತಿತ್ತು. ಯಾರನ್ನು ಯಾವ ನಿಮಿಷಕ್ಕೆ ಅಂಕಣಕ್ಕೆ ಇಳಿಸಬೇಕು, ಯಾರನ್ನು ಯಾವಾಗ ಹಿಂದಕ್ಕೆ ಕರೆದು ಕೂರಿಸಬೇಕು ಎಂಬುದನ್ನು ಆ ಪುಸ್ತಕ ನೋಡಿಯೇ ತೀರ್ಮಾನಿಸುತ್ತಿದ್ದ. ಹಿಂದಿನ ವರ್ಷ ಕಟ್ಟಕಡೆಯ ಸ್ಥಾನದಲ್ಲಿದ್ದ ತಂಡ ಅವನು ಬಂದ ವರ್ಷ ಫೈನಲ್ ತಲುಪಿತು.

ಆ ತಂಡದ ದೊಡ್ಡ ಆಟಗಾರ ಪೊನ್ನಪ್ಪ. ಎದುರಾಳಿ ತಂಡದಲ್ಲಿ ಯಾರು ಅತಿ ಗಟ್ಟಿಗನೋ ಅವನನ್ನು ತಡೆಯುವ ಕೆಲಸ ಪೊನ್ನಪ್ಪನದು. ತಂಡದ ಹನ್ನೆರಡನೆಯವನು ತಿಮ್ಮರಾಯ. ವರ್ಷದ ಮೊದಲ ವಾರದಲ್ಲಿ ತರಬೇತುದಾರ ಅವನನ್ನು ಕರೆದು, "ಅಭ್ಯಾಸದಲ್ಲಿ ನೀನು ಎದುರಾಳಿಯ ಹಾಗೆ ಆಡು. ಪೊನ್ನಪ್ಪ ನಿನ್ನನ್ನು ತಡೆಯಲಿ," ಎಂದಿದ್ದ. ಯಾರಾದರೂ ಮಾಡಲೇಬೇಕಾದ ಕೆಲಸ ಅದು. ತಿಮ್ಮರಾಯ ಆಗಲಿ ಎಂದ. ತರಬೇತುದಾರ ಅದನ್ನು ಅಲ್ಲಿಗೇ ಮರೆತ.

ತಿಮ್ಮರಾಯ ಮರೆಯಲಿಲ್ಲ. ಪ್ರತಿ ಪಂದ್ಯಕ್ಕೆ ಮುಂಚೆ ಅವನು ಎದುರಾಳಿಯ ಹಳೆಯ ಆಟಗಳನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡುತ್ತಿದ್ದ. ಎಸೆಯುವ ಮೊದಲು ಚೆಂಡನ್ನು ಎಷ್ಟು ಸಲ ನೆಲಕ್ಕೆ ಬಡಿಯುತ್ತಾನೆ, ತಿರುಗುವಾಗ ಯಾವ ಭುಜ ತಗ್ಗುತ್ತದೆ, ದಣಿದಾಗ ಎಲ್ಲಿ ನೋಡುತ್ತಾನೆ ಎಂಬುದನ್ನೆಲ್ಲ ಮೈಗೂಡಿಸಿಕೊಳ್ಳುತ್ತಿದ್ದ. ಎದುರಾಳಿ ಎಡಚನಾಗಿದ್ದ ವಾರ ತಿಮ್ಮರಾಯ ಹಲ್ಲುಜ್ಜಿದ್ದೂ ಎಡಗೈಯಲ್ಲೇ. ಜೊತೆಯವರು ನಗುತ್ತಿದ್ದರು. ಆಯಾ ವಾರದ ಎದುರಾಳಿಯ ಹೆಸರಿಟ್ಟೇ ಅವನನ್ನು ಕೂಗುತ್ತಿದ್ದರು. ಫೈನಲ್ ಸೇರಿ ಇಪ್ಪತ್ತೆರಡು ಪಂದ್ಯಗಳಲ್ಲಿ ಅವನಿಗೆ ಇಪ್ಪತ್ತೆರಡು ಹೆಸರುಗಳಾದವು. ತಿಮ್ಮರಾಯ ಎಂದು ಕರೆಯುವವರೇ ಇಲ್ಲವಾದರು.

ಫೈನಲ್‌ಗೆ ಹತ್ತು ದಿನ ಬಿಡುವಿತ್ತು. ಎದುರು ತಂಡದಲ್ಲಿ ಏಳನೇ ನಂಬರಿನ ಅಂಗಿ ತೊಟ್ಟ ಆಟಗಾರನಿದ್ದ. ಆ ವರ್ಷ ಅವನನ್ನು ಯಾರೂ ತಡೆದಿರಲಿಲ್ಲ. ತಿಮ್ಮರಾಯ ಈ ಸಲ ಅವನಾದ. ಐದನೆಯ ದಿನ ತಿಮ್ಮರಾಯ ತರಬೇತುದಾರನ ಬಳಿ ಬಂದು ಹೇಳಿದ:

"ಸರ್, ಏಳನೇ ನಂಬರಿನವನ ಎಡ ಮೊಣಕಾಲಿನಲ್ಲಿ ನೋವಿದೆ."

"ಯಾರು ಹೇಳಿದರು?"

"ಯಾರೂ ಹೇಳಿಲ್ಲ. ನಾಲ್ಕು ದಿನ ಅವನ ಹಾಗೆ ಓಡಿದೆ. ನನ್ನ ಬಲ ಸೊಂಟ ಹಿಡಿದುಕೊಂಡಿತು. ಎಡಗಾಲಿನ ಮೇಲೆ ಭಾರ ಬಿಡಲು ಹೆದರುವವನು ಮಾತ್ರ ಹಾಗೆ ಓಡುತ್ತಾನೆ, ಸರ್. ದಣಿದ ಮೇಲೆ ಅವನು ಎಡಗಾಲಿನಿಂದ ಜಿಗಿಯುವುದಿಲ್ಲ."

ತರಬೇತುದಾರ ತಲೆಯಾಡಿಸಿದ. ಆ ಮಾತನ್ನು ಪೊನ್ನಪ್ಪನಿಗೆ ಹೇಳು ಎಂದ. ತಾನು ಬರೆದುಕೊಳ್ಳಲಿಲ್ಲ. ಅವನ ಪುಸ್ತಕದಲ್ಲಿ ಅಂಥ ಮಾತಿಗೆ ಕಾಲಂ ಇರಲಿಲ್ಲ.

ಫೈನಲ್ ದಿನ ಪೊನ್ನಪ್ಪ ಏಳನೇ ನಂಬರಿನವನನ್ನು ಕಟ್ಟಿಹಾಕಿದ. ನೋಡುವವರಿಗೆ ಅಚ್ಚರಿಯಾಯಿತು. ಅವನು ಹೆಜ್ಜೆ ಕಿತ್ತಿಡುವ ಮೊದಲೇ ಪೊನ್ನಪ್ಪ ಅಲ್ಲಿ ನಿಂತಿರುತ್ತಿದ್ದ. ಆದರೆ ಅಷ್ಟು ಹತ್ತಿರ ನಿಂತು ತಡೆಯುವವನಿಗೆ ಫೌಲ್ ತಪ್ಪುವುದಿಲ್ಲ. ಮೂರು ನಿಮಿಷ ಉಳಿದಿರುವಾಗ ಪೊನ್ನಪ್ಪನಿಗೆ ಐದನೆಯ ಫೌಲ್ ಬಿತ್ತು. ಐದಾದರೆ ಮತ್ತೆ ಆಡುವಂತಿಲ್ಲ. ಆಗ ಅವನ ತಂಡ ಮೂರು ಅಂಕ ಮುಂದಿತ್ತು.

ತರಬೇತುದಾರ ಬೆಂಚಿನ ಕಡೆ ತಿರುಗಿದ. ಅಲ್ಲಿ ಕೂತಿದ್ದವರಲ್ಲಿ ಯಾರ ಅಂಕ ಹೆಚ್ಚು ಎಂದು ಅವನಿಗೆ ಬಾಯಿಪಾಠವಾಗಿತ್ತು. ಆ ಹೆಸರು ಬಾಯಿಗೆ ಬರುವಷ್ಟರಲ್ಲಿ ಪೊನ್ನಪ್ಪ ಅವನ ತೋಳು ಹಿಡಿದ.

"ಸರ್, ತಿಮ್ಮರಾಯನನ್ನು ಕಳಿಸಿ. ನಾನು ಇಷ್ಟು ಹೊತ್ತು ಆಡಿದ್ದು ಇವನ ವಿರುದ್ಧ ಆಡಿದ ಆಟವನ್ನೇ. ಹತ್ತು ದಿನ ಇವನು ನನ್ನನ್ನು ಸೋಲಿಸಿದ್ದಾನೆ. ಅಲ್ಲಿರುವವನು ಇವನಷ್ಟು ಕಷ್ಟವಲ್ಲ."

ತರಬೇತುದಾರ ಆ ವರ್ಷ ಮೊದಲ ಬಾರಿಗೆ ಪುಸ್ತಕ ಬಿಟ್ಟು ನಡೆದ. ತಿಮ್ಮರಾಯ ಅಂಕಣಕ್ಕೆ ಇಳಿದ.

ಏಳನೇ ನಂಬರಿನವನು ಚೆಂಡು ಹಿಡಿದು ಬಲಕ್ಕೆ ಬಾಗಿದ. ತಿಮ್ಮರಾಯ ಬಲಕ್ಕಿದ್ದ. ಮರುಸಲ ಬಾಗುವಂತೆ ನಟಿಸಿ ನಿಂತ. ತಿಮ್ಮರಾಯನೂ ನಿಂತಿದ್ದ. ಮೂರನೆಯ ಸಲ ಎಸೆಯಲು ಕೈಯೆತ್ತಿದ. ಮೇಲೆ ತಿಮ್ಮರಾಯನ ಕೈ ಮೊದಲೇ ಇತ್ತು. ಏಳನೇ ನಂಬರಿನವನು ಚೆಂಡನ್ನು ಬೇರೆಯವನಿಗೆ ಕೊಟ್ಟು ತಿಮ್ಮರಾಯನ ಮುಖ ನೋಡಿದ. ಕನ್ನಡಿ ತನಗಿಂತ ಮೊದಲು ಅಲುಗಾಡಿದರೆ ಮನುಷ್ಯ ಹೇಗೆ ನೋಡುತ್ತಾನೋ ಹಾಗೆ. ಆ ಮೂರು ನಿಮಿಷ ಅವನು ಒಂದಂಕವನ್ನೂ ಗಳಿಸಲಿಲ್ಲ.

ಆದರೆ ಅವನ ತಂಡದ ಉಳಿದವರು ಗಳಿಸಿದರು. ಎರಡು ಸಲ ಬುಟ್ಟಿಗೆ ಹಾಕಿ ನಾಲ್ಕು ಅಂಕ ಮಾಡಿದರು. ಪೊನ್ನಪ್ಪನಿಲ್ಲದ ತಂಡಕ್ಕೆ ಒಂದೂ ಬರಲಿಲ್ಲ. ಈಗ ಅದು ಒಂದಂಕ ಹಿಂದೆ ಬಿತ್ತು. ನಾಲ್ಕು ಸೆಕೆಂಡು ಉಳಿದಾಗ ಚೆಂಡು ತಿಮ್ಮರಾಯನ ಕೈಗೆ ಬಂತು. ಅವನು ಬುಟ್ಟಿಗೆ ಹತ್ತಿರದಲ್ಲಿದ್ದ. ಸುತ್ತ ಯಾರೂ ಇರಲಿಲ್ಲ. ಶಾಲೆಯ ಮಕ್ಕಳೂ ಹಾಕಬಹುದಾದ ಚೆಂಡು.

ತಿಮ್ಮರಾಯ ಎಸೆಯಲಿಲ್ಲ. ಚೆಂಡನ್ನು ಎರಡು ಕೈಯಲ್ಲಿ ಹಿಡಿದು ನಿಂತ. ಗಂಟೆ ಮೊಳಗಿತು. ತಂಡ ಸೋತಿತು.

ಗೆದ್ದವರು ಕುಣಿದರು. ಏಳನೇ ನಂಬರಿನವನು ಕುಣಿಯಲಿಲ್ಲ. ಅಂಕಣ ದಾಟಿ ತಿಮ್ಮರಾಯನ ಬಳಿ ಬಂದ.

"ನನ್ನನ್ನು ಎಲ್ಲಿ ನೋಡಿದ್ದೆ ನೀನು?"

"ನೋಡಿದ್ದು ಮಾತ್ರವಲ್ಲ. ಹತ್ತು ದಿನ ನೀವಾಗಿದ್ದೆ. ಆ ಕಾಲಿಗೆ ವಿಶ್ರಾಂತಿ ಕೊಡಿ," ಎಂದ ತಿಮ್ಮರಾಯ.

ಏಳನೇ ನಂಬರಿನವನು ಬಗ್ಗಿ ತನ್ನ ಎಡ ಮೊಣಕಾಲನ್ನು ಮುಟ್ಟಿಕೊಂಡ. ಆ ನೋವನ್ನು ಅವನು ತನ್ನ ಮನೆಯವರಿಗೂ ಹೇಳಿರಲಿಲ್ಲ.

ಜನ ತರಬೇತುದಾರನನ್ನು ಬೈದರು. ಗೆಲ್ಲುವ ಹೊತ್ತಿನಲ್ಲಿ ಹನ್ನೆರಡನೆಯವನನ್ನು ಇಳಿಸುವವನಿಗೆ ಬುದ್ಧಿಯಿದೆಯೇ ಎಂದು ಕೇಳಿದರು. ಒಡೆಯರು ಬಂದು, ಮರುದಿನ ಹತ್ತು ಗಂಟೆಗೆ ಪಟ್ಟಿ ಬೇಕು, ಅದರಲ್ಲಿ ಆ ಹುಡುಗ ಇರಕೂಡದು ಎಂದು ಹೇಳಿ ಹೋದರು. ತರಬೇತುದಾರ ಪುಸ್ತಕ ತೆರೆದ. ತಿಮ್ಮರಾಯನ ಸಾಲಿನಲ್ಲಿ ಬರೆಯಲು ಎರಡೇ ಸಂಗತಿಗಳಿದ್ದವು. ಗಳಿಸಿದ ಅಂಕ, ಸೊನ್ನೆ. ಕೈಬಿಟ್ಟ ಅವಕಾಶ, ಒಂದು. ಅವನು ತಿಮ್ಮರಾಯನನ್ನು ಕರೆದ.

"ಯಾಕಪ್ಪ ಎಸೆಯಲಿಲ್ಲ?"

ತಿಮ್ಮರಾಯ ಹೇಳಿದ: "ಯಾರ ಹಾಗೆ ಎಸೆಯಬೇಕು ಎಂದು ತಿಳಿಯಲಿಲ್ಲ, ಸರ್."

ತರಬೇತುದಾರನ ಕೈಯಲ್ಲಿದ್ದ ಪೆನ್ನು ನಿಂತಿತು. ವರ್ಷದ ಆರಂಭದಲ್ಲಿ ಐವತ್ತು ಜನರ ನಡುವೆ ಈ ಹುಡುಗನನ್ನು ಆರಿಸಿದವನು ತಾನೇ. ಅಂದು ಇವನ ಆಟದಲ್ಲಿ ಏನು ಕಂಡಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ಪುಸ್ತಕದ ಹಿಂದಿನ ಪುಟಗಳನ್ನು ತಿರುವಿದ. ಅಲ್ಲಿಯೂ ಇರಲಿಲ್ಲ.

"ಬೆಳಿಗ್ಗೆ ಅಂಕಣಕ್ಕೆ ಬಾ," ಎಂದ.

ಬೆಳಿಗ್ಗೆ ಅಲ್ಲಿ ಇಬ್ಬರೇ ಇದ್ದರು. ತರಬೇತುದಾರ ಚೆಂಡನ್ನು ಕೊಟ್ಟು, "ನಿನ್ನ ಆಟ ಆಡು. ನಾನು ನೋಡಬೇಕು," ಎಂದು ಪುಸ್ತಕ ತೆರೆದು ಬೆಂಚಿನ ಮೇಲೆ ಕೂತ.

ತಿಮ್ಮರಾಯ ಚೆಂಡನ್ನು ಎರಡು ಸಲ ಬಡಿದು, ಬಲಕ್ಕೆ ಬಾಗಿ ಎಸೆದ. ಅದು ಏಳನೇ ನಂಬರಿನವನ ಎಸೆತ. ಬುಟ್ಟಿಗೆ ಬಿತ್ತು. ತಿಮ್ಮರಾಯ ತಲೆಯಾಡಿಸಿ, ಚೆಂಡು ತಂದು ಮತ್ತೆ ಎಸೆದ. ಅದು ಸೆಮಿಫೈನಲ್‌ನಲ್ಲಿ ಎದುರಾದವನದು. ಅದೂ ಬಿತ್ತು. ಆಮೇಲೆ ಎಡಚ ಬಂದ. ಆಮೇಲೆ ಗಾಳಿಯಲ್ಲಿ ತಿರುಗಿ ಎಸೆಯುವ ಒಬ್ಬ. ಆಮೇಲೆ ಓಡುತ್ತಲೇ ಎಸೆಯುವ ಒಬ್ಬ. ತರಬೇತುದಾರ ಮೊದಮೊದಲು ಗುರುತು ಹಿಡಿದು ಒಬ್ಬೊಬ್ಬರ ಹೆಸರು ಹೇಳುತ್ತಿದ್ದ. ಸ್ವಲ್ಪ ಹೊತ್ತಿಗೆ ಹೇಳುವುದನ್ನು ಬಿಟ್ಟ. ತಾನು ವರ್ಷವಿಡೀ ಎದುರಿಸಿದವರೆಲ್ಲ ಒಬ್ಬೊಬ್ಬರಾಗಿ ಒಂದೇ ಮೈಯಿಂದ ಇಳಿದು ಹೋಗುತ್ತಿದ್ದರು. ಎತ್ತರದವನ ಸರದಿ ಬಂದಾಗ ತಿಮ್ಮರಾಯ ಎತ್ತರವಾಗಿ ಕಂಡ. ಮುದಿಯಾಗುತ್ತಿದ್ದ ಆಟಗಾರನ ಸರದಿ ಬಂದಾಗ ಅವನ ಉಸಿರೂ ಭಾರವಾಯಿತು. ಒಂದು ಎಸೆತವೂ ತಪ್ಪಲಿಲ್ಲ.

ಇಪ್ಪತ್ತೆರಡು ಮುಗಿಯಿತು. ಇನ್ನು ಯಾರೂ ಉಳಿದಿರಲಿಲ್ಲ. ತಿಮ್ಮರಾಯ ಚೆಂಡು ಹಿಡಿದು ನಿಂತ. ಹಿಂದಿನ ದಿನ ನಿಂತ ಹಾಗೆಯೇ ನಿಂತ. ತರಬೇತುದಾರ ಅವಸರ ಮಾಡಲಿಲ್ಲ.

ಬಹಳ ಹೊತ್ತಾದ ಮೇಲೆ ತಿಮ್ಮರಾಯ ಚೆಂಡನ್ನು ಎರಡೂ ಕೈಯಿಂದ ಹಣೆಯವರೆಗೆ ಎತ್ತಿ, ಒಂದು ಕಾಲು ಸ್ವಲ್ಪ ಮುಂದಿಟ್ಟು, ತಳ್ಳುವ ಹಾಗೆ ಎಸೆದ. ಯಾವ ಪುಸ್ತಕವೂ ಕಲಿಸದ ಎಸೆತ. ಚೆಂಡು ಬುಟ್ಟಿಯ ಅಂಚಿಗೆ ಬಡಿದು ಹೊರಗೆ ಬಿತ್ತು.

ತಿಮ್ಮರಾಯ ನಕ್ಕ. ಆ ನಗುವನ್ನು ತರಬೇತುದಾರ ಅದುವರೆಗೆ ಕಂಡಿರಲಿಲ್ಲ.

"ಇದು ಯಾರದಪ್ಪ?"

"ಇದು ನನ್ನದಿರಬೇಕು, ಸರ್," ಎಂದು ತಿಮ್ಮರಾಯ ಚೆಂಡಿನ ಹಿಂದೆ ಓಡಿದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

"ಅವನನ್ನು ತಂಡದಲ್ಲಿ ಉಳಿಸಿಕೊಂಡರೇ?" ಎಂದು ಶಿಷ್ಯ ಕೇಳಿದ.

"ಉಳಿಸಿಕೊಂಡರು. ಒಡೆಯರು ಮೊದಲು ಒಪ್ಪಲಿಲ್ಲ. ಅವನಿಲ್ಲದಿದ್ದರೆ ತಾನೂ ಇರುವುದಿಲ್ಲ ಎಂದು ಪೊನ್ನಪ್ಪ ಹೇಳಿದ ಮೇಲೆ ಒಪ್ಪಿದರು. ಮರುವರ್ಷದಿಂದ ಎದುರಾಳಿಯಾಗುವ ಕೆಲಸ ಹನ್ನೆರಡು ಜನರಿಗೂ ಸರದಿಯ ಮೇಲೆ ಬಂತು. ಮೊದಲ ಸರದಿ ಪೊನ್ನಪ್ಪನೇ ಕೇಳಿ ತೆಗೆದುಕೊಂಡ. ತಿಮ್ಮರಾಯ ಪ್ರತಿ ಪಂದ್ಯದಲ್ಲೂ ಹತ್ತು ನಿಮಿಷ ಆಡಿದ. ಅವನ ಎಸೆತಗಳು ಕೆಲವು ಬಿದ್ದವು, ಕೆಲವು ಬೀಳಲಿಲ್ಲ."

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಅದು ಆಮೇಲಿನ ಮಾತು. ಆ ಬೆಳಿಗ್ಗೆ, ಆ ತಪ್ಪಿದ ಎಸೆತಕ್ಕೆ, ತರಬೇತುದಾರ ಅವನಿಗೆ ಎಷ್ಟು ಅಂಕ ಕೊಟ್ಟ? ಅದನ್ನು ಹೇಳಿ ಗುರುಗಳೇ."

"ಅಂಕ ಹಾಕುವವನು ಕೂತಿರುತ್ತಾನಪ್ಪ," ಎಂದರು ಗುರುಗಳು, "ಆ ತರಬೇತುದಾರ ಎದ್ದು ನಿಂತುಬಿಟ್ಟಿದ್ದ."