ಬಾವಿಯ ಕಡೆಯ ಬೆಂಕಿ

"ಗುರುಗಳೇ, ನಿನ್ನೆ ನಾನು ನಕ್ಕುಬಿಟ್ಟೆ. ಅಣ್ಣ ತೀರಿಹೋಗಿ ಇನ್ನೂ ವರ್ಷವಾಗಿಲ್ಲ. ಇಷ್ಟು ಬೇಗ ಅವನನ್ನು ಮರೆತೆನೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. "ಯಾಕೆ ನಕ್ಕೆ?" ಎಂದರು.

"ಒಣಗಲು ಹಾಕಿದ್ದ ಪಂಚೆ ಆಡಿನ ಕೊಂಬಿಗೆ ಸಿಕ್ಕಿತು. ಆಡು ಅದನ್ನು ಹೊದ್ದುಕೊಂಡು ಅಂಗಳದ ತುಂಬ ಓಡಿತು. 'ಮದುಮಗ ಹೊರಟ, ದಾರಿ ಬಿಡಿ' ಎಂದು ನನ್ನ ಬಾಯಿಂದ ಬಂತು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಊಟ ಸೇರಲಿಲ್ಲ. ನಮ್ಮ ಮನೆಯಲ್ಲಿ ನಗಿಸುವುದು ಅಣ್ಣನ ಕೆಲಸವಾಗಿತ್ತು."

ಗುರುಗಳು ಮೊರವನ್ನು ಪಕ್ಕಕ್ಕಿಟ್ಟು ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಇಟ್ಟಿಗೆ ಭಟ್ಟಿಯಿತ್ತು. ಬೇರೆ ಭಟ್ಟಿಗಳಲ್ಲಿ ಇಟ್ಟಿಗೆ ಪೇರಿಸಿ ಬೆಂಕಿ ಹಾಕುತ್ತಾರೆ. ಇಟ್ಟಿಗೆ ಬೆಂದ ಮೇಲೆ ಬೆಂಕಿ ಆರುತ್ತದೆ. ಇದು ಹಾಗಲ್ಲ. ಇಲ್ಲಿ ಕೋಣೆಗಳು ಬಳೆಯ ಹಾಗೆ ಸುತ್ತಲೂ ಇದ್ದವು. ಒಂದರಿಂದ ಒಂದಕ್ಕೆ ದಾರಿ ಇತ್ತು. ಇಟ್ಟಿಗೆ ಇದ್ದಲ್ಲೇ ಇರುತ್ತಿತ್ತು, ಬೆಂಕಿ ನಡೆಯುತ್ತಿತ್ತು. ಒಂದು ಕೋಣೆ ಬೆಂದಿತು ಎಂದರೆ ಮುಂದಿನ ಕೋಣೆಯ ಚಾವಣಿಯಲ್ಲಿದ್ದ ತೂತುಗಳ ಮುಚ್ಚಳ ತೆಗೆದು ಕಲ್ಲಿದ್ದಲ ಪುಡಿ ಹಾಕುವರು. ಬೆಂಕಿ ಅಲ್ಲಿಗೆ ಹೋಗುವುದು. ಅದರ ಮುಂದಿನ ಹಸಿ ಇಟ್ಟಿಗೆಗಳು ಹೊಗೆಯ ಶಾಖಕ್ಕೆ ಮೊದಲೇ ಬಿಸಿಯಾಗಿರುವುವು. ಹಿಂದೆ ಉಳಿದ ಸುಟ್ಟ ಇಟ್ಟಿಗೆಗಳು ನಿಧಾನವಾಗಿ ತಣಿಯುವುವು. ಪೂರ್ತಿ ತಣಿದ ಕೋಣೆಯ ಬಾಗಿಲಿಗೆ ಕಟ್ಟಿದ್ದ ಗೋಡೆ ಒಡೆದು, ಇಟ್ಟಿಗೆ ಹೊರಗೆ ತೆಗೆದು, ಮತ್ತೆ ಹಸಿ ಇಟ್ಟಿಗೆ ತುಂಬುವರು. ಬೆಂಕಿ ಸುತ್ತು ಮುಗಿಸಿ ತಿರುಗಿ ಅಲ್ಲಿಗೆ ಬರುವುದು.

ಊರಿನವರು ದಿನ ಹೇಳುತ್ತಿದ್ದುದೂ ಅದರ ಲೆಕ್ಕದಲ್ಲೇ. "ಹೆಣ್ಣು ನೋಡಲು ಯಾವಾಗ ಬರೋಣ?" ಎಂದು ಕೇಳಿದರೆ, "ಬೆಂಕಿ ಹುಣಸೆಮರದ ಕಡೆ ಬಂದಾಗ ಬನ್ನಿ" ಎನ್ನುವರು.

ಭಟ್ಟಿಯ ಯಜಮಾನ ತನ್ನ ಮದುವೆಯ ವರ್ಷ ಆ ಬೆಂಕಿ ಹಚ್ಚಿದ್ದ. ಅಂದಿನಿಂದ ಅದು ಆರಿರಲಿಲ್ಲ. ಒಂದು ದಿನ ಅವನು ಬಾವಿಯ ಕಡೆಯ ಕೋಣೆಗೆ ಕಲ್ಲಿದ್ದಲು ಹಾಕಿ, ಮನೆಗೆ ಬಂದು ಮಲಗಿದ. ಮತ್ತೆ ಏಳಲಿಲ್ಲ.

ಅವನನ್ನು ಸುಟ್ಟು ಬಂದ ಮರುದಿನ ಬೆಂಕಿ ಮುಂದಿನ ಕೋಣೆಗೆ ಹೋಗಬೇಕಾಗಿತ್ತು. ಯಜಮಾನನ ತಮ್ಮ ಸಲಿಕೆ ಹಿಡಿದು ಭಟ್ಟಿಯ ಮೇಲೆ ಹತ್ತಿದ. ನೋಡಿದರೆ, ಅತ್ತಿಗೆ ಆ ಕೋಣೆಯ ಮುಚ್ಚಳಗಳ ನಡುವೆ ಮಣೆ ಹಾಕಿಕೊಂಡು ಕೂತಿದ್ದಾಳೆ.

"ಏಳಿ ಅತ್ತಿಗೆ, ಬೆಂಕಿ ಹೋಗಬೇಕು."

"ಎಲ್ಲಿಗೂ ಹೋಗುವುದು ಬೇಡ. ಅವರು ಕೊನೆಗೆ ಕೈಯಾರೆ ಹಾಕಿದ್ದು ಬಾವಿಯ ಕಡೆಯ ಕೋಣೆಗೆ. ಅದು ಅಲ್ಲೇ ಇರಲಿ."

"ಈ ಬೆಂಕಿಗೆ ಒಂದೇ ಕಡೆ ಕೂತು ಅಭ್ಯಾಸವಿಲ್ಲ. ಅಣ್ಣನಿಗೂ ಇರಲಿಲ್ಲ, ಊಟಕ್ಕೆ ಎಲೆ ಹಾಕಿದಾಗ ಬಿಟ್ಟರೆ."

ಅವಳಿಗೆ ನಗು ಬಂತು. ನಗು ಬಂದದ್ದಕ್ಕೆ ಸಿಟ್ಟು ಬಂತು. "ಇಂಥ ಹೊತ್ತಿನಲ್ಲೂ ನಿನ್ನ ನಾಲಿಗೆಗೆ ಬಿಡುವಿಲ್ಲವಲ್ಲ! ಹೇಳಿದಷ್ಟು ಮಾಡು" ಎಂದು ಗದರಿದಳು.

ಅವಳಿಗೆ ಭಟ್ಟಿಯ ಕೆಲಸ ತಿಳಿಯದ್ದಲ್ಲ. ಬೆಂದ ಇಟ್ಟಿಗೆಯನ್ನು ಮತ್ತೂ ಸುಟ್ಟರೆ ಏನಾಗುತ್ತದೆ ಎಂಬುದು ಮೈದುನನಷ್ಟೇ ಅವಳಿಗೂ ಗೊತ್ತಿತ್ತು. ಆದರೂ ಏಳಲಾಗಲಿಲ್ಲ. ಅವನೂ ಒತ್ತಾಯಿಸಲಿಲ್ಲ. ಹೋದವನು ಅವನಿಗೂ ಅಣ್ಣನೇ ಅಲ್ಲವೇ? ಬಾವಿಯ ಕಡೆಯ ಕೋಣೆಗೇ ಮತ್ತೆ ಕಲ್ಲಿದ್ದಲು ಹಾಕಿದ.

ಇಟ್ಟಿಗೆಗಳು ಮೆತ್ತಗಾದವು. ಬಾಗಿದವು. ಒಂದಕ್ಕೊಂದು ಅಂಟಿದವು. ಅವುಗಳ ನಡುವಿನ ಸಂದುಗಳು ಮುಚ್ಚತೊಡಗಿದವು. ಬೆಂಕಿಗೆ ಗಾಳಿ ಬರುವುದು ಆ ಸಂದುಗಳಲ್ಲೇ. ತೂತಿನಲ್ಲಿ ಇಣುಕಿದರೆ, ಹಳದಿಯಾಗಿದ್ದ ಬೆಂಕಿ ಕೆಂಪಾಗಿತ್ತು. ಮತ್ತೆ ಇಣುಕಿದಾಗ ಮಬ್ಬಾಗಿತ್ತು. ಮದುವೆಯ ವರ್ಷ ಹಚ್ಚಿದ ಬೆಂಕಿ ಆರುವುದರಲ್ಲಿತ್ತು.

ಅವಳು ಮಣೆಯನ್ನು ಕಾಲಿನಿಂದ ತಳ್ಳಿ ಎದ್ದಳು. ಮುಚ್ಚಳಗಳನ್ನು ತಾನೇ ತೆಗೆದಳು. "ಬಾಯಿ ಬಿಟ್ಟುಕೊಂಡು ನಿಂತೆಯಲ್ಲೋ, ಹಾಕು!" ಎಂದಳು. ಅವನು ಮುಂದಿನ ಕೋಣೆಗೆ ಹಾಕಿದ. ಮೊದಲ ಸಲಿಕೆಗೆ ಏನೂ ಆಗಲಿಲ್ಲ. ಆಮೇಲಿನದಕ್ಕೆ ಒಳಗೆ ಭುಗ್ ಎಂದಿತು. ಬೆಂಕಿ ನಡೆಯಿತು.

ಅದು ಎದುರು ಬದಿಯ ಹುಣಸೆಮರದ ಕಡೆ ಮುಟ್ಟುವ ಹೊತ್ತಿಗೆ ಬಾವಿಯ ಕಡೆಯ ಕೋಣೆ ಪೂರ್ತಿ ತಣಿದಿತ್ತು. ಬಾಗಿಲು ಒಡೆದರು. ಅರ್ಧದಷ್ಟು ಇಟ್ಟಿಗೆ ಸೇರಿ ಒಂದೇ ಕಪ್ಪು ಗಟ್ಟಿಯಾಗಿತ್ತು. ಹಾರೆ ಹಾಕಿ ಎಬ್ಬಿಸಿ ಬಾವಿಯ ಬಳಿ ಹಾಕಿದರು. ಊರ ಹೆಂಗಸರು ಇವತ್ತಿಗೂ ಹಿಮ್ಮಡಿ ಉಜ್ಜುವುದು ಅದರ ಮೇಲೇ.

ಅವಳು ಖಾಲಿ ಕೋಣೆಯೊಳಗೆ ಹೋಗಿ ಗೋಡೆ ಮುಟ್ಟಿದಳು. ತಣ್ಣಗಿತ್ತು. "ಒಂದಿಷ್ಟೂ ಉಳಿದಿಲ್ಲ ನೋಡು" ಎಂದಳು. ಅವಳ ಕಣ್ಣು ತುಂಬಿತು. ಅಷ್ಟರಲ್ಲಿ ಬಾಗಿಲಿನಿಂದ ನುಗ್ಗಿದ ಗಾಳಿ ಅವಳ ಸೆರಗನ್ನು ಮುಂದಿನ ಕೋಣೆಯ ಕಡೆಗೆ ಹಾರಿಸಿತು.

"ಗಾಳಿ ಎಲ್ಲಿಗೆ ಹೊರಟಿತು ಅತ್ತಿಗೆ?" ಎಂದ ಮೈದುನ.

"ಇನ್ನೆಲ್ಲಿಗೆ? ಬೆಂಕಿಗೆ."

"ಹೀಗೆ ತಣ್ಣಗೇ ಹೋಗುತ್ತದೆಯೋ?"

"ತಣ್ಣಗೆ ಹೇಗೆ ಹೋದೀತು? ದಾರಿಯಲ್ಲಿ ಸುಟ್ಟ ಇಟ್ಟಿಗೆಗಳ ಕಾವು ತೆಗೆದುಕೊಂಡು..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಆ ಕೋಣೆ ಸುಮ್ಮನೆ ತಣಿದಿರಲಿಲ್ಲ. ಅದರ ಕಾವನ್ನು ಗಾಳಿ ಒಯ್ದು ಮುಂದಿನ ಕೋಣೆಯ ಬೆಂಕಿಗೆ ಕೊಟ್ಟಿತ್ತು. ಆ ಕೋಣೆಯ ಕಾವು ಅದರ ಮುಂದಿನದಕ್ಕೆ ಹೋಗಿತ್ತು. ಹುಣಸೆಮರದ ಕಡೆಯವರೆಗೂ ಹಾಗೆಯೇ ಹೋಗಿತ್ತು.

ಅವಳು ಕಣ್ಣೊರೆಸಿಕೊಂಡಳು. "ಹಾಗಾದರೆ ನಿಮ್ಮ ಅಣ್ಣ ಈಗ ಹುಣಸೆಮರದ ಕಡೆ ಇದ್ದಾರೆ ಅನ್ನು. ಸುತ್ತಲಿ ಬಿಡು. ಎಲೆ ಹಾಕುವ ಹೊತ್ತಿಗೆ ಇತ್ತ ಬಂದೇ ಬರುತ್ತಾರೆ" ಎಂದಳು.

ಇಬ್ಬರೂ ಆ ಖಾಲಿ ಕೋಣೆಯಲ್ಲಿ ನಿಂತು ಜೋರಾಗಿ ನಕ್ಕರು. ಹಸಿ ಇಟ್ಟಿಗೆ ಹೊತ್ತು ಬಾಗಿಲಲ್ಲಿ ಕಾಯುತ್ತಿದ್ದವರು, "ನಗುವುದಾದರೆ ಹೊರಗೆ ಬಂದು ನಗಿ! ನಮ್ಮ ತಲೆಯ ಮೇಲೆ ಭಾರವಿದೆ" ಎಂದು ಕೂಗಿದರು.

ಗುರುಗಳು ಕತೆ ನಿಲ್ಲಿಸಿ ಮೊರ ಎತ್ತಿಕೊಂಡರು.

"ಭಟ್ಟಿಯ ವಿಷಯ ತಿಳಿಯಿತು. ನಾನು ಕೇಳಿದ್ದು ನನ್ನ ನಗುವಿನ ವಿಷಯ" ಎಂದ ಶಿಷ್ಯ.

ಗುರುಗಳು ಅಕ್ಕಿಯಿಂದ ಕಣ್ಣೆತ್ತಲಿಲ್ಲ.

"ನಿಮ್ಮ ಮನೆಯ ಆಡನ್ನು ಮೊದಲು ಮದುಮಗ ಎಂದು ಕರೆದವರು ಯಾರು?" ಎಂದರು.

"ಅಣ್ಣ" ಎಂದ ಶಿಷ್ಯ. ಆಮೇಲೆ ಮೊರದ ಇನ್ನೊಂದು ಬದಿಗೆ ಕೂತು ತಾನೂ ಕಲ್ಲು ಆರಿಸತೊಡಗಿದ.